ಪಾಲಾರ್ ಕಾಡಿನ ಜೀವರಾಶಿ: ಇಂದ್ರಿಯಗಳ ಲೆಕ್ಕ, ವಿಜ್ಞಾನದ ವರ್ಗೀಕರಣ ಮತ್ತು ಶ್ರಾವಕರ ಹೊಣೆ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಘಾಟಿ ಇಳಿದರೆ ರಾಜ್ಯದ ಗಡಿಯಲ್ಲಿ ಸಿಗುವ ಊರು ಪಾಲಾರ್. ಪಕ್ಕದಲ್ಲೇ ಹರಿಯುವ ಪಾಲಾರ್ ಹೊಳೆ ಮುಂದೆ ಕಾವೇರಿಯನ್ನು ಸೇರುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ವೇಲೂರಿನ ಕಡೆಗೆ ಹೋಗುವ ಪಾಲಾರ್ ಬೇರೆ, ಇದು ಬೇರೆ. ಹೆಸರು ಒಂದೇ ಆದುದರಿಂದ ಅನೇಕರು ಇವೆರಡನ್ನು ಒಂದೇ ಎಂದು ತಿಳಿಯುವುದುಂಟು. ಹನೂರು ತಾಲ್ಲೂಕಿನ ಈ ಪಾಲಾರ್ ಸುತ್ತ ಇರುವುದೆಲ್ಲ ಕಾಡು. ಒಂದು ಕಡೆ ಮಲೆ ಮಹದೇಶ್ವರ ವನ್ಯಜೀವಿಧಾಮ, ಇನ್ನೊಂದು ಕಡೆ ಕಾವೇರಿ ವನ್ಯಜೀವಿಧಾಮ, ಪಶ್ಚಿಮಕ್ಕೆ ಯಳಂದೂರಿನ ಬಿಳಿಗಿರಿರಂಗನ ಬೆಟ್ಟ, ಗಡಿಯಾಚೆ ತಮಿಳುನಾಡಿನ ಸತ್ಯಮಂಗಲದ ಕಾಡು.

ಈ ಸೀಮೆಯ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಹಿಂಸೆಯ ಸುದ್ದಿಯಿಂದಲೇ. 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಜನರ ಪ್ರಾಣ ತೆಗೆಯಿತು. 2025ರ ಜೂನ್ 26ರಂದು ಇದೇ ಹನೂರು ತಾಲ್ಲೂಕಿನ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ಯಾರೋ ವಿಷ ಹಾಕಿದ್ದರು. ಒಂದೇ ಏಟಿಗೆ ಐದು ಪಂಚೇಂದ್ರಿಯ ಜೀವಗಳು ಹೋದವು.

ಅಹಿಂಸೆಯನ್ನು ಪರಮ ಧರ್ಮವೆಂದು ನಂಬಿದ ನಮಗೆ ಇಂಥ ಸುದ್ದಿ ಓದಿದಾಗ ಮನಸ್ಸು ಮರುಗುತ್ತದೆ. ಆದರೆ ಮರುಗಿದರಷ್ಟೇ ಸಾಲದು. ಯಾವ ಜೀವ ಎಲ್ಲಿ ಬದುಕುತ್ತದೆ, ಯಾವುದು ಯಾವುದನ್ನು ಆಶ್ರಯಿಸಿದೆ, ಯಾವುದರಿಂದ ಯಾವುದಕ್ಕೆ ಕೇಡು ಎಂಬ ತಿಳಿವಳಿಕೆ ಇಲ್ಲದಿದ್ದರೆ ದಯೆಯೂ ದಾರಿ ತಪ್ಪುತ್ತದೆ. ಜೀವಗಳನ್ನು ವಿಂಗಡಿಸುವ ನಮ್ಮ ಆಗಮದ ಕ್ರಮ, ವಿಜ್ಞಾನದ ಕ್ರಮ, ಜೀವವೈವಿಧ್ಯ ಎಂದರೇನು, ಅದಕ್ಕೆ ಬಂದಿರುವ ಅಪಾಯಗಳೇನು, ನಾವು ಏನು ಮಾಡಬಹುದು ಎಂಬುದನ್ನು ಪಾಲಾರ್ ಸೀಮೆಯ ಉದಾಹರಣೆಗಳ ಮೂಲಕವೇ ಇಲ್ಲಿ ನೋಡೋಣ.

ಕನಕಗಿರಿಯಿಂದ ಆರಂಭ

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಕ್ಷೇತ್ರ ನಮಗೆಲ್ಲ ಪರಿಚಿತ. ಆಚಾರ್ಯ ಪೂಜ್ಯಪಾದರ ಹೆಸರಿನೊಂದಿಗೆ ಈ ಬೆಟ್ಟವನ್ನು ಪರಂಪರೆ ಜೋಡಿಸುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದವರು ಅವರೇ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ಪೂರ್ತಿ ಜೀವತತ್ತ್ವದ ವಿಚಾರ. ಅಲ್ಲಿ ಸಂಸಾರಿ ಜೀವಗಳನ್ನು ಮೊದಲು ಸ್ಥಾವರ ಮತ್ತು ತ್ರಸ ಎಂದು ಎರಡಾಗಿ ವಿಂಗಡಿಸಿ, ಆಮೇಲೆ ಇಂದ್ರಿಯಗಳ ಸಂಖ್ಯೆಯ ಪ್ರಕಾರ ಐದು ಮೆಟ್ಟಿಲುಗಳನ್ನು ಹೇಳಲಾಗಿದೆ. ಪಾಠಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಈ ಕ್ರಮವನ್ನು ಪಾಲಾರ್ ಕಾಡಿನಲ್ಲಿ ನಿಂತು ನೋಡಿದರೆ ಹೀಗೆ ಕಾಣುತ್ತದೆ:

- ಏಕೇಂದ್ರಿಯ: ಸ್ಪರ್ಶ ಮಾತ್ರ. ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ, ವನಸ್ಪತಿಕಾಯ ಎಂಬ ಐದು ಸ್ಥಾವರಗಳು. ಕಾಡಿನ ಶ್ರೀಗಂಧ, ನೆಲ್ಲಿ, ಬಿದಿರು, ಹೊಳೆಯ ನೀರು, ಬೆಟ್ಟದ ಮಣ್ಣು ಎಲ್ಲವೂ ಇಲ್ಲಿ ಸೇರುತ್ತವೆ.
- ದ್ವೀಂದ್ರಿಯ: ಸ್ಪರ್ಶ ಮತ್ತು ರುಚಿ. ಎರೆಹುಳು, ಜಿಗಣೆ, ಶಂಖದ ಹುಳು, ಬಸವನಹುಳು.
- ತ್ರೀಂದ್ರಿಯ: ಇವುಗಳ ಜೊತೆಗೆ ವಾಸನೆ. ಇರುವೆ, ಗೆದ್ದಲು, ಹೇನು.
- ಚತುರಿಂದ್ರಿಯ: ಜೊತೆಗೆ ನೋಟ. ಜೇನು, ದುಂಬಿ, ನೊಣ, ಚಿಟ್ಟೆ.
- ಪಂಚೇಂದ್ರಿಯ: ಜೊತೆಗೆ ಶ್ರವಣ. ಮೀನು, ಹಾವು, ಪಕ್ಷಿ, ಆನೆ, ಹುಲಿ, ಮನುಷ್ಯ. ಇವುಗಳಲ್ಲಿ ಮನಸ್ಸುಳ್ಳವು ಸಂಜ್ಞಿ, ಇಲ್ಲದವು ಅಸಂಜ್ಞಿ.

ಪಂಚೇಂದ್ರಿಯ ತಿರ್ಯಂಚರನ್ನು ಬದುಕುವ ಜಾಗದ ಪ್ರಕಾರ ಜಲಚರ, ಸ್ಥಲಚರ, ನಭಚರ ಎಂದೂ, ಹುಟ್ಟುವ ಬಗೆಯ ಪ್ರಕಾರ ಗರ್ಭಜ, ಸಮ್ಮೂರ್ಛನ ಎಂದೂ ವಿಂಗಡಿಸುವುದುಂಟು. ಗರ್ಭಜನ್ಮದಲ್ಲಿ ಮತ್ತೆ ಜರಾಯುಜ, ಅಂಡಜ, ಪೋತ ಎಂಬ ಮೂರು ಬಗೆ. ವನಸ್ಪತಿಯಲ್ಲಿ ಒಂದು ದೇಹಕ್ಕೆ ಒಂದೇ ಜೀವ ಒಡೆಯನಾದರೆ ಪ್ರತ್ಯೇಕ, ಅನಂತ ಜೀವಗಳು ಒಂದೇ ದೇಹವನ್ನು ಹಂಚಿಕೊಂಡರೆ ಸಾಧಾರಣ. ಗೆಡ್ಡೆಗೆಣಸು ಬಿಡುವ ನಮ್ಮ ಮನೆಗಳ ಪದ್ಧತಿಯ ಮೂಲ ಇಲ್ಲಿದೆ.

ಈ ವಿಂಗಡಣೆಯ ಉದ್ದೇಶ ಏನು ಎಂಬುದನ್ನು ಮರೆಯಬಾರದು. ಯಾವ ಜೀವಕ್ಕೆ ಎಷ್ಟು ಅರಿವಿನ ದ್ವಾರಗಳಿವೆ, ಅದನ್ನು ನೋಯಿಸಿದರೆ ಎಷ್ಟು ಪ್ರಾಣಗಳಿಗೆ ಘಾತವಾಗುತ್ತದೆ ಎಂದು ತಿಳಿದು, ಗೃಹಸ್ಥನು ತನ್ನ ನಡೆಯನ್ನು ತಿದ್ದಿಕೊಳ್ಳಲಿ ಎಂಬುದೇ ಇದರ ಗುರಿ. ಅಣುವ್ರತಿಯಾದ ಶ್ರಾವಕನು ತ್ರಸಜೀವಗಳ ಸಂಕಲ್ಪಿ ಹಿಂಸೆಯನ್ನು ಪೂರ್ತಿ ಬಿಡಬೇಕು, ಸ್ಥಾವರ ಹಿಂಸೆಯನ್ನು ಅಗತ್ಯಕ್ಕೆ ಮಿತಿಗೊಳಿಸಬೇಕು ಎಂಬ ನಿಯಮ ನಿಂತಿರುವುದು ಈ ಲೆಕ್ಕದ ಮೇಲೆ.

ವಿಜ್ಞಾನದ ಲೆಕ್ಕ ಬೇರೆ

ಶಾಲೆಯಲ್ಲಿ ಮಕ್ಕಳು ಕಲಿಯುವ ವರ್ಗೀಕರಣಕ್ಕೆ ಅಡಿಪಾಯ ಹಾಕಿದವರು ಸ್ವೀಡನ್ನಿನ ಕಾರ್ಲ್ ಲಿನೇಯಸ್. 1753ರಲ್ಲಿ ಸಸ್ಯಗಳಿಗೂ 1758ರಲ್ಲಿ ಪ್ರಾಣಿಗಳಿಗೂ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ಅವರು ನೆಲೆಗೊಳಿಸಿದರು. ಮೊದಲ ಪದ ಜಾತಿ, ಎರಡನೆಯದು ಪ್ರಭೇದ. ಹುಲಿಯನ್ನು ಕನ್ನಡಿಗರು ಹುಲಿ ಎನ್ನಲಿ, ತಮಿಳರು ಪುಲಿ ಎನ್ನಲಿ, ವಿಜ್ಞಾನಿಗಳಿಗೆ ಅದು ಎಲ್ಲೆಡೆಯೂ ಪ್ಯಾಂಥೆರಾ ಟೈಗ್ರಿಸ್. ಹೂಗ್ಯಂನಲ್ಲಿ ಸತ್ತ ಹುಲಿಯ ವಿಳಾಸವನ್ನು ವಿಜ್ಞಾನ ಹೀಗೆ ಬರೆಯುತ್ತದೆ: ಸಾಮ್ರಾಜ್ಯ ಪ್ರಾಣಿ, ವಂಶ ಕಾರ್ಡೇಟಾ, ವರ್ಗ ಸಸ್ತನಿ, ಗಣ ಕಾರ್ನಿವೊರಾ, ಕುಟುಂಬ ಫೆಲಿಡೇ, ಜಾತಿ ಪ್ಯಾಂಥೆರಾ, ಪ್ರಭೇದ ಟೈಗ್ರಿಸ್. ರಾಜ್ಯ, ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಬೀದಿ, ಮನೆ ಎಂದು ವಿಳಾಸ ಬರೆದಂತೆ ಇದು.

1969ರಲ್ಲಿ ಅಮೆರಿಕದ ರಾಬರ್ಟ್ ವಿಟೇಕರ್ ಎಲ್ಲ ಜೀವಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದರು: ಮೊನೆರಾ, ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ. ನಮ್ಮ ಪಠ್ಯಪುಸ್ತಕಗಳಲ್ಲಿ ಇಂದಿಗೂ ಇರುವುದು ಇದೇ. ಆಮೇಲೆ ಕಾರ್ಲ್ ವೋಸ್ ಎಂಬ ವಿಜ್ಞಾನಿ ಜೀವಕೋಶದೊಳಗಿನ ಅಣುಗಳನ್ನು ಹೋಲಿಸಿ, ಬರಿಗಣ್ಣಿಗೆ ಕಾಣದ ಜೀವಿಗಳಲ್ಲೇ ಎರಡು ದೊಡ್ಡ ಕವಲುಗಳಿವೆ ಎಂದು ತೋರಿಸಿದರು.

ಈ ವಿಂಗಡಣೆಯ ಅಳತೆಗೋಲು ಇಂದ್ರಿಯವಲ್ಲ, ನೆಂಟಸ್ತಿಕೆ. ಯಾರು ಯಾರಿಗೆ ಹತ್ತಿರದ ಸಂಬಂಧಿ ಎಂಬುದೇ ಇಲ್ಲಿ ಮುಖ್ಯ. ಕಾವೇರಿಯಲ್ಲಿ ಈಜುವ ನೀರುನಾಯಿ ಮೀನಿನ ಜೊತೆ ನೀರಿನಲ್ಲೇ ಇದ್ದರೂ ಅದು ಸಸ್ತನಿ, ಮೀನಿಗಿಂತ ಹುಲಿಗೆ ಹತ್ತಿರದ ನೆಂಟ. ಬಾವಲಿ ಹಾರಿದರೂ ಪಕ್ಷಿಯಲ್ಲ, ಮರಿಗೆ ಹಾಲೂಡುವ ಸಸ್ತನಿ. ಅಣಬೆ ಗಿಡದಂತೆ ನೆಲದಿಂದ ಎದ್ದರೂ ಗಿಡವಲ್ಲ, ಅದರದೇ ಬೇರೆ ಸಾಮ್ರಾಜ್ಯ.

ಇಲ್ಲೊಂದು ಎಚ್ಚರಿಕೆಯ ಮಾತು. ನಮ್ಮ ಆಗಮದಲ್ಲಿ ಎಲ್ಲ ವಿಜ್ಞಾನವೂ ಮೊದಲೇ ಇತ್ತು ಎಂದು ವಾದಿಸುವ ಸಂದೇಶಗಳು ಮೊಬೈಲಿನಲ್ಲಿ ಓಡಾಡುತ್ತಿರುತ್ತವೆ. ಅಂಥ ಒಂದು ಸಂದೇಶ 84 ಲಕ್ಷ ಯೋನಿಗಳ ಕುರಿತದ್ದು. 2011ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ಅಂದಾಜಿನ ಪ್ರಕಾರ ಭೂಮಿಯಲ್ಲಿ ಬ್ಯಾಕ್ಟೀರಿಯಾದಂಥವನ್ನು ಬಿಟ್ಟು ಸುಮಾರು 87 ಲಕ್ಷ ಪ್ರಭೇದಗಳಿವೆ. ಎರಡು ಸಂಖ್ಯೆಗಳು ಹತ್ತಿರ ಇವೆಯಲ್ಲ ಎಂದು ಹಿಗ್ಗುವುದು ಸಹಜ. ಆದರೆ ಯೋನಿ ಎಂದರೆ ಪ್ರಭೇದವಲ್ಲ, ಜೀವ ಹುಟ್ಟು ಪಡೆಯುವ ಸ್ಥಾನ. ನಮ್ಮ ಲೆಕ್ಕದಲ್ಲಿ ನಿತ್ಯನಿಗೋದ, ಇತರನಿಗೋದ, ಪೃಥ್ವಿ, ಜಲ, ಅಗ್ನಿ, ವಾಯು ಇವುಗಳಿಗೆ ತಲಾ 7 ಲಕ್ಷ, ವನಸ್ಪತಿಗೆ 10 ಲಕ್ಷ, ಎರಡು, ಮೂರು, ನಾಲ್ಕು ಇಂದ್ರಿಯದವುಗಳಿಗೆ ತಲಾ 2 ಲಕ್ಷ, ದೇವ, ನಾರಕಿ, ಪಂಚೇಂದ್ರಿಯ ತಿರ್ಯಂಚರಿಗೆ ತಲಾ 4 ಲಕ್ಷ, ಮನುಷ್ಯರಿಗೆ 14 ಲಕ್ಷ. ಕೂಡಿದರೆ 84 ಲಕ್ಷ. ವಿಜ್ಞಾನದಲ್ಲಿ ಮನುಷ್ಯ ಒಂದೇ ಪ್ರಭೇದ, ಹೋಮೋ ಸೇಪಿಯನ್ಸ್. ಆದುದರಿಂದ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ. ಹಾಗೆಯೇ ಹೆಚ್ಚಿನ ಇರುವೆಗಳಿಗೆ ಕಣ್ಣಿರುವುದನ್ನು ಸೂಕ್ಷ್ಮದರ್ಶಕ ತೋರಿಸುತ್ತದೆ ಎಂದು ಮಗು ಕೇಳಿದರೆ ಗದರಬೇಕಾಗಿಲ್ಲ. ಒಂದು ಕ್ರಮ ದಯೆಯ ಅಭ್ಯಾಸಕ್ಕೆ ಹುಟ್ಟಿದ್ದು, ಇನ್ನೊಂದು ನೆಂಟಸ್ತಿಕೆ ಹುಡುಕಲು ಹುಟ್ಟಿದ್ದು ಎಂದು ತಿಳಿಸಿ ಹೇಳಿದರೆ ಮಗುವಿಗೆ ಎರಡರ ಮೇಲೂ ಗೌರವ ಉಳಿಯುತ್ತದೆ.

ಹೆಸರು ಗೊತ್ತಿಲ್ಲದೆ ಅಳಿವಿನ ಅಂಚಿಗೆ ಬಂದ ಮೀನು

ವರ್ಗೀಕರಣ ಬರೀ ಪರೀಕ್ಷೆಗೆ ಓದುವ ವಿಷಯ ಎಂದುಕೊಂಡವರಿಗೆ ಕಾವೇರಿಯ ಮಹಶೀರ್ ಮೀನಿನ ಕಥೆ ಹೇಳಬೇಕು. ಗೂನು ಬೆನ್ನಿನ, ಕಿತ್ತಳೆ ಬಣ್ಣದ ರೆಕ್ಕೆಯ ಈ ಮೀನು 50 ಕಿಲೋ ಮೀರಿ ಬೆಳೆಯಬಲ್ಲದು. ಇದು ಜಗತ್ತಿನಲ್ಲಿ ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮೀನು ಸಿಕ್ಕಿದ ದಾಖಲೆ ಇದೆ. ಇಷ್ಟು ಪ್ರಸಿದ್ಧವಾದ ಮೀನಿಗೆ ಒಂದೂವರೆ ಶತಮಾನ ಸರಿಯಾದ ವೈಜ್ಞಾನಿಕ ಹೆಸರೇ ನಿಶ್ಚಯವಾಗಿರಲಿಲ್ಲ.

ಈ ನಡುವೆ ಅಣೆಕಟ್ಟುಗಳು ಬಂದವು, ಸಿಡಿಮದ್ದು ಹಾಕಿ ಮೀನು ಹಿಡಿಯುವವರು ಬಂದರು, ಮರಳು ತೆಗೆಯುವವರು ಬಂದರು. ಮಹಶೀರ್ ಕಡಿಮೆಯಾಗುತ್ತಿದೆ ಎಂದು ಕಂಡಾಗ, ಒಳ್ಳೆಯ ಉದ್ದೇಶದಿಂದಲೇ, ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಆದರೆ ಆ ಮರಿಗಳು ನೀಲಿ ರೆಕ್ಕೆಯ ಬೇರೆ ಪ್ರಭೇದದವು. ಅವು ಹೆಚ್ಚಿದವು, ಗೂನು ಬೆನ್ನಿನ ಮೂಲನಿವಾಸಿ ಇಳಿಯಿತು. ಗಾಳ ಹಾಕಿ ಹಿಡಿದು ಮತ್ತೆ ನೀರಿಗೆ ಬಿಡುವ ಹವ್ಯಾಸಿಗಳು ಬರೆದಿಟ್ಟ ಲೆಕ್ಕವನ್ನು ಪರಿಶೀಲಿಸಿದಾಗಲೇ ಈ ಬದಲಾವಣೆ ಗಮನಕ್ಕೆ ಬಂದದ್ದು. ಎಲ್ಲವನ್ನೂ ‘ಮಹಶೀರ್’ ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದವರಿಗೆ ನದಿಯಲ್ಲಿ ಮಹಶೀರ್ ಹೆಚ್ಚಾಗಿದೆ ಎಂದೇ ಕಂಡಿತ್ತು.

ಕೊನೆಗೆ 2018ರಲ್ಲಿ ಸಂಶೋಧಕರು ಗೂನು ಬೆನ್ನಿನ ಮಹಶೀರ್ ಮತ್ತು ಕೇರಳದ ಪಾಂಬಾರ್ ಹೊಳೆಯ ಮೀನಿನ ಆಧಾರದಿಂದ 2007ರಲ್ಲಿ ಹೆಸರಿಟ್ಟ ‘ಟಾರ್ ರೆಮದೇವಿಯೈ’ ಒಂದೇ ಎಂದು ನಿಶ್ಚಯಿಸಿದರು. ಪಾಂಬಾರ್ ಕೂಡ ಕಾವೇರಿಗೇ ನೀರು ತರುವ ಹೊಳೆ. ಹೆಸರು ನಿಶ್ಚಯವಾದ ಮೇಲೆ ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ‘ತೀವ್ರ ಅಳಿವಿನ ಅಂಚಿನಲ್ಲಿರುವ’ ಜೀವಿಯಾಗಿ ಸೇರಿತು. ಹೆಸರಿಲ್ಲದ ಜೀವಿಯನ್ನು ಪಟ್ಟಿಗೆ ಸೇರಿಸುವುದು, ಪಟ್ಟಿಯಲ್ಲಿಲ್ಲದ್ದನ್ನು ರಕ್ಷಿಸುವುದು ಎರಡೂ ಕಷ್ಟ. ಯಾರು ಯಾರು ಎಂದು ತಿಳಿಯದೆ ಮಾಡಿದ ಉಪಕಾರ ಹೇಗೆ ಅಪಕಾರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಜೀವವೈವಿಧ್ಯದ ಮೂರು ನೆಲೆ

ಜೀವವೈವಿಧ್ಯ ಎಂದರೆ ಪ್ರಾಣಿ ಪಕ್ಷಿಗಳ ಪಟ್ಟಿ ಉದ್ದವಾಗಿರುವುದು ಎಂದಷ್ಟೇ ಅಲ್ಲ. ಅದಕ್ಕೆ ಮೂರು ನೆಲೆಗಳಿವೆ.

ಮೊದಲನೆಯದು ಒಂದೇ ಪ್ರಭೇದದೊಳಗಿನ ವೈವಿಧ್ಯ. ರಾಗಿ ಒಂದೇ ಆದರೂ ಹಲವು ನಾಟಿ ತಳಿಗಳಿವೆ. ಒಂದು ಬರ ತಡೆಯುತ್ತದೆ, ಇನ್ನೊಂದು ರೋಗ ತಡೆಯುತ್ತದೆ. ಎರಡನೆಯದು ಪ್ರಭೇದಗಳ ವೈವಿಧ್ಯ. ಪಾಲಾರ್ ಸುತ್ತಲ ಕಾಡಿನಲ್ಲಿ ಆನೆ, ಹುಲಿ, ಕಾಟಿ, ಕಡವೆ ಇರುವಂತೆಯೇ ಕಾವೇರಿ ದಂಡೆಯ ಮರಗಳಲ್ಲಿ ಬೂದು ಬಣ್ಣದ ಅಪರೂಪದ ದೊಡ್ಡ ಅಳಿಲೂ ಇದೆ. ಮೂರನೆಯದು ನೆಲೆಗಳ ವೈವಿಧ್ಯ. ಹೊಳೆದಂಡೆಯ ಮತ್ತಿ ಮರಗಳ ಸಾಲು, ಬೆಟ್ಟದ ಇಳಿಜಾರಿನ ಎಲೆ ಉದುರುವ ಕಾಡು, ಒಣ ಕುರುಚಲು ಕಾಡು, ಬಿಳಿಗಿರಿಯ ನೆತ್ತಿಯ ಶೋಲಾ ಮತ್ತು ಹುಲ್ಲುಗಾವಲು, ಹೀಗೆ ಕೆಲವೇ ಹರದಾರಿಯೊಳಗೆ ಹಲವು ಲೋಕಗಳು ಇಲ್ಲಿ ಕೂಡಿವೆ.

ಜಗತ್ತಿನ ನೆಲದಲ್ಲಿ ಭಾರತದ ಪಾಲು ಶೇ. 2.4ರಷ್ಟು. ದಾಖಲಾಗಿರುವ ಪ್ರಭೇದಗಳಲ್ಲಿ ನಮ್ಮ ಪಾಲು ಶೇ. 7ರಿಂದ 8. ಈ ಸಂಪತ್ತಿನ ಲೆಕ್ಕ ಇನ್ನೂ ಮುಗಿದಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಕ್ಕಿದ ಒಂದು ಕಣಜವನ್ನು ಸಂಶೋಧಕರು ಕೆಲವು ವರ್ಷಗಳ ಹಿಂದೆ ಪರೀಕ್ಷಿಸಿದಾಗ ಅದು ಯಾವ ತಿಳಿದ ಜಾತಿಗೂ ಸೇರಲಿಲ್ಲ. ಹೊಸ ಜಾತಿಯನ್ನೇ ಮಾಡಿ, ಆ ಕಾಡಿನ ಜನರ ಗೌರವಾರ್ಥ ಅದಕ್ಕೆ ‘ಸೋಲಿಗ’ ಎಂದು ಹೆಸರಿಟ್ಟರು.

ಸೋಲಿಗರದೂ ಒಂದು ವರ್ಗೀಕರಣವೇ. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಎಂದು ನಾಲ್ಕು ಬಗೆಯ ಜೇನನ್ನು ಗೂಡು, ಸ್ವಭಾವ, ಹೂವಿನ ಕಾಲ ನೋಡಿ ಅವರು ಬೇರೆಬೇರೆಯಾಗಿ ಗುರುತಿಸುತ್ತಾರೆ. ವಿಜ್ಞಾನಿಗಳೂ ಇವನ್ನು ಬೇರೆಬೇರೆ ಜೀವಿಗಳೆಂದೇ ಎಣಿಸುತ್ತಾರೆ. ಜೇನು ನಮಗೆ ವರ್ಜ್ಯ. ಆದರೆ ಜೇನುನೊಣ ಇಲ್ಲದಿದ್ದರೆ ನಾವು ತಿನ್ನುವ ಕುಂಬಳ, ಸೌತೆ, ಹೀರೆ ಕಾಯಿ ಕಟ್ಟುವುದೂ ಕಷ್ಟ ಎಂಬುದು ನೆನಪಿರಲಿ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬದುಕುತ್ತವೆ ಎಂಬ ಉಮಾಸ್ವಾಮಿಗಳ ಮಾತಿಗೆ ಹೊಲದಲ್ಲೇ ಸಾಕ್ಷಿ ಸಿಗುತ್ತದೆ.

ಅಪಾಯಗಳು: ಹದಿನೈದು ನಿಷಿದ್ಧ ವೃತ್ತಿಗಳ ಕನ್ನಡಿಯಲ್ಲಿ

ಜೀವವೈವಿಧ್ಯಕ್ಕೆ ಇರುವ ಅಪಾಯಗಳನ್ನು ವಿಜ್ಞಾನದ ಪುಸ್ತಕಗಳು ಹೀಗೆ ಪಟ್ಟಿ ಮಾಡುತ್ತವೆ: ನೆಲೆಯ ನಾಶ, ಅತಿ ಬಳಕೆ, ಹೊರಗಿನ ಜೀವಿಗಳ ಆಕ್ರಮಣ, ಮಾಲಿನ್ಯ, ಹವಾಮಾನ ಬದಲಾವಣೆ, ಮತ್ತು ಒಂದು ಅಳಿದರೆ ಅದನ್ನು ನೆಚ್ಚಿದ ಇನ್ನೊಂದು ಅಳಿಯುವುದು. ನಮ್ಮ ಶ್ರಾವಕಾಚಾರದ ಗ್ರಂಥಗಳಲ್ಲಿ ಗೃಹಸ್ಥನು ಬಿಡಬೇಕಾದ ಹದಿನೈದು ಕ್ರೂರ ವೃತ್ತಿಗಳ ಪಟ್ಟಿಯೊಂದು ಬರುತ್ತದೆ. ಎರಡನ್ನೂ ಎದುರುಬದುರು ಇಟ್ಟು ಪಾಲಾರ್ ಸೀಮೆಯ ಇತಿಹಾಸ ನೋಡಿ.

ದಂತವಾಣಿಜ್ಯ, ಅಂದರೆ ಆನೆದಂತದಂಥ ವಸ್ತುಗಳ ವ್ಯಾಪಾರ. ಈ ಕಾಡಿನಲ್ಲಿ ವರ್ಷಗಟ್ಟಲೆ ದಂತಕ್ಕಾಗಿ ಗಂಡಾನೆಗಳ ಬೇಟೆ ನಡೆಯಿತು. ಹಿಂಡಿನಲ್ಲಿ ಗಂಡುಗಳೇ ಹೀಗೆ ಕಡಿಮೆಯಾದರೆ ಸಂತಾನದ ಲೆಕ್ಕವೇ ತಪ್ಪುತ್ತದೆ. ಕೊಳ್ಳುವವರು ಇದ್ದುದರಿಂದಲೇ ಕೊಲ್ಲುವವರು ಇದ್ದರು.

ವನಜೀವಿಕೆ ಮತ್ತು ಅಂಗಾರಜೀವಿಕೆ, ಅಂದರೆ ಕಾಡು ಕಡಿದು, ಇದ್ದಿಲು ಸುಟ್ಟು ಬದುಕುವುದು. ಈ ಬೆಟ್ಟಗಳ ಶ್ರೀಗಂಧ ಕಳ್ಳಸಾಗಣೆಯಲ್ಲಿ ಬರಿದಾಯಿತು. ಶ್ರೀಗಂಧವೂ ಈಗ ಅಳಿವಿನ ಅಪಾಯ ಎದುರಿಸುತ್ತಿರುವ ಮರಗಳ ಪಟ್ಟಿಯಲ್ಲಿದೆ. ಪೂಜೆಗೆ ಗಂಧ ತೇಯುವ ಪ್ರತಿ ಮನೆಯೂ ಆ ಕೊರಡು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಸರ್ಕಾರಿ ಮಳಿಗೆಯ ರಸೀತಿ ಇರುವ ಗಂಧವನ್ನೇ ಕೊಳ್ಳುವುದು ವ್ರತಕ್ಕೆ ಸಲ್ಲುವ ನಡೆ.

ಸ್ಫೋಟಜೀವಿಕೆ, ಅಂದರೆ ನೆಲ ಬಗೆದು, ಬಂಡೆ ಒಡೆದು ಬದುಕುವುದು. ಗಣಿ, ಕ್ವಾರಿ, ಹೊಳೆಯ ಮರಳು ತೆಗೆಯುವುದು ಇಂದಿನ ರೂಪಗಳು. ಬಂಡೆಗೆ ಇಡುವ ಸಿಡಿಮದ್ದನ್ನೇ ಮಡುವಿಗೆ ಎಸೆದರೆ ದೊಡ್ಡ ಮೀನಿನ ಜೊತೆ ಮರಿ, ಮೊಟ್ಟೆ, ಹುಳ ಎಲ್ಲ ಸಾಯುತ್ತವೆ.

ದವದಾನ, ಅಂದರೆ ಕಾಡಿಗೆ ಬೆಂಕಿ ಹಚ್ಚುವುದು. ಇಲ್ಲಿ ಸ್ವಲ್ಪ ವಿವರ ಬೇಕು. ಬೇಸಗೆಯಲ್ಲಿ ದ್ವೇಷಕ್ಕೋ ಅಜಾಗರೂಕತೆಗೋ ಹತ್ತುವ ದೊಡ್ಡ ಬೆಂಕಿ ಸಾವಿರಾರು ತ್ರಸಜೀವಗಳನ್ನು ಸುಡುತ್ತದೆ. ಸೋಲಿಗರು ಹಿಂದೆ ಇಡುತ್ತಿದ್ದುದು ತರಗಿನ ಬೆಂಕಿ. ಬೇಸಗೆಯ ಆರಂಭದಲ್ಲಿ ನೆಲದ ಒಣ ಎಲೆ ಮಾತ್ರ ಬೇಗ ಉರಿದು ಆರುವಂಥದು. ಆ ಪದ್ಧತಿ ನಿಂತ ಮೇಲೆ ಲಂಟಾನ ಹೆಚ್ಚಿತು ಎಂಬುದು ಸೋಲಿಗರ ಅನುಭವದ ಮಾತು. ಅಹಿಂಸೆಯ ದೃಷ್ಟಿಯಿಂದ ಇದು ಸುಲಭದ ಪ್ರಶ್ನೆಯಲ್ಲ. ಕಾಡಿನ ಒಳಗೆ ಬದುಕಿದವರ ಮಾತನ್ನು ಕೇಳದೆ ತೀರ್ಪು ಕೊಡುವುದು ಅನೇಕಾಂತಕ್ಕೆ ಹೊಂದುವುದಿಲ್ಲ.

ಲಂಟಾನ ಅಮೆರಿಕ ಖಂಡದಿಂದ ಬ್ರಿಟಿಷರ ಕಾಲದಲ್ಲಿ ಅಲಂಕಾರದ ಹೂಗಿಡವಾಗಿ ಬಂದದ್ದು. ಇಂದು ಬಿಳಿಗಿರಿ, ಮಹದೇಶ್ವರ ಬೆಟ್ಟಗಳ ತುಂಬ ಹಬ್ಬಿ, ಕೆಳಗೆ ಹುಲ್ಲನ್ನೂ ಮರಗಳ ಸಸಿಯನ್ನೂ ಬೆಳೆಯಗೊಡುವುದಿಲ್ಲ. ಮೇವು ಸಿಗದ ಪ್ರಾಣಿಗಳು ಹೊಲಕ್ಕೆ ಬರಲು ಇದೂ ಒಂದು ಕಾರಣ. ಇದೇ ಲಂಟಾನದ ಕಡ್ಡಿಯನ್ನು ಬೇಯಿಸಿ ತೊಗಟೆ ತೆಗೆದು ಕುರ್ಚಿ, ಬುಟ್ಟಿ ಮಾಡುವ ಕೆಲಸವನ್ನು ಬೆಂಗಳೂರಿನ ಏಟ್ರೀ ಸಂಸ್ಥೆ ಮಹದೇಶ್ವರ ಬೆಟ್ಟದ ಜನರಿಗೆ ಕಲಿಸಿದೆ.

ಸರಃಶೋಷ, ಅಂದರೆ ಕೆರೆಕೊಳ ಬತ್ತಿಸುವುದು. ವಿವರಿಸುವ ಅಗತ್ಯವೇ ಇಲ್ಲ.

ವಿಷವಾಣಿಜ್ಯ. ಹೂಗ್ಯಂ ಹುಲಿಗಳನ್ನು ಕೊಂದದ್ದು ವಿಷ. ಇತರರಿಗೆ ವಿಷ, ಆಯುಧ, ಬೆಂಕಿ ಒದಗಿಸುವುದನ್ನು ಅನರ್ಥದಂಡ ವ್ರತದಲ್ಲಿ ‘ಹಿಂಸಾದಾನ’ ಎಂದು ಹೆಸರಿಟ್ಟು ನಿಷೇಧಿಸಲಾಗಿದೆ. ಕೀಟನಾಶಕದ ಅಂಗಡಿ ಇಟ್ಟಿರುವ ಬಂಧುಗಳೂ ನಮ್ಮಲ್ಲಿ ಇರಬಹುದು. ಯಾರಿಗೆ, ಯಾವುದಕ್ಕೆ, ಎಷ್ಟು ಎಂದು ಕೇಳದೆ ಮಾರುವುದು ಲಾಭದ ಮಾತಾಗಬಹುದು, ವ್ರತದ ಮಾತಾಗದು. ಹಾಗೆಂದು ಹಸು ಕಳೆದುಕೊಂಡ ಬಡವನ ಸಂಕಟವನ್ನು ಕಡೆಗಣಿಸುವಂತಿಲ್ಲ. ಒಂದು ಹಸು ಎಂದರೆ ಆ ಮನೆಗೆ ಹಾಲು, ಗೊಬ್ಬರ, ಕಷ್ಟಕಾಲದ ದುಡ್ಡು. ವನ್ಯಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ವ್ಯವಸ್ಥೆ ಇದೆ. ಅದು ಬೇಗ, ಅಲೆಸದೆ ಕೈಸೇರುವಂತೆ ನೆರವಾಗುವುದೇ ಹುಲಿಯನ್ನು ಉಳಿಸುವ ದಾರಿ.

ನಮ್ಮ ಗೋಶಾಲೆಗಳಿಗೆ ಒಂದು ಮಾತು

ಜೀವದಯೆಯ ಹೆಸರಿನಲ್ಲಿ ನಾವು ಅತಿ ಹೆಚ್ಚು ದಾನ ಕೊಡುವುದು ಗೋಶಾಲೆಗಳಿಗೆ. ಅಲ್ಲಿ ಮುದಿ, ರೋಗಿ ಹಸುಗಳ ನೋವು ತಗ್ಗಿಸಲು ಡೈಕ್ಲೊಫೆನಾಕ್ ಎಂಬ ಔಷಧ ಕೊಡುವುದು ಹಿಂದೆ ಸಾಮಾನ್ಯವಾಗಿತ್ತು. ಹಾಗೆ ಚಿಕಿತ್ಸೆ ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 1990ರ ದಶಕದಿಂದ ಕೆಲವೇ ವರ್ಷಗಳಲ್ಲಿ ಭಾರತದ ಮೂರು ಬಗೆಯ ರಣಹದ್ದುಗಳು ಶೇ. 95ಕ್ಕಿಂತ ಹೆಚ್ಚು ಕಡಿಮೆಯಾದವು. ಸರ್ಕಾರ 2006ರಲ್ಲಿ ಪಶುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ನಿಷೇಧಿಸಿತು. 2023ರಲ್ಲಿ ಅಸೆಕ್ಲೊಫೆನಾಕ್, ಕೀಟೊಪ್ರೊಫೆನ್ ಔಷಧಗಳನ್ನೂ ಪಶುಬಳಕೆಗೆ ನಿಷೇಧಿಸಿತು. ಮೆಲೊಕ್ಸಿಕ್ಯಾಮ್ ಎಂಬ ಪರ್ಯಾಯ ರಣಹದ್ದುಗಳಿಗೆ ಕೇಡು ಮಾಡದು. ಗೋಶಾಲೆಗೆ ಕಾಣಿಕೆ ಕೊಡುವವರು ಇಲ್ಲಿ ಯಾವ ನೋವಿನ ಔಷಧ ಬಳಸುತ್ತೀರಿ ಎಂದು ವಿನಯದಿಂದ ಕೇಳಬಹುದು. ಹಸುವಿನ ಮೇಲಿನ ದಯೆ ಹದ್ದಿನ ಸಾವಾಗಬಾರದು.

ನೀರು ಗಾಳಿಸುವ ಬಟ್ಟೆ ಕಲಿಸುವ ಪಾಠ

ನಮ್ಮ ಅಜ್ಜಿಯರು ನೀರು ಗಾಳಿಸಿದ ಮೇಲೆ ಬಟ್ಟೆಯನ್ನು ಎಲ್ಲೆಂದರಲ್ಲಿ ಹಿಂಡುತ್ತಿರಲಿಲ್ಲ. ಅದರಲ್ಲಿ ಉಳಿದ ಜೀವಗಳನ್ನು, ಬಾವಿಯ ನೀರಾದರೆ ಬಾವಿಗೆ, ಹೊಳೆಯ ನೀರಾದರೆ ಹೊಳೆಗೆ, ಮೆಲ್ಲಗೆ ಹಿಂದಿರುಗಿಸುತ್ತಿದ್ದರು. ಒಂದು ನೀರಿನ ಜೀವವನ್ನು ಇನ್ನೊಂದು ನೀರಿಗೆ ಬಿಟ್ಟರೂ ಅದು ಸಾಯಬಹುದು ಎಂಬ ಎಚ್ಚರ ಅದರಲ್ಲಿತ್ತು. ಇಂದು ಪರಿಸರ ವಿಜ್ಞಾನ ‘ನೆಲೆ’ ಎಂದು ಕರೆಯುವುದು ಇದನ್ನೇ.

ಈ ಪಾಠವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಮಹಶೀರ್ ಕಥೆ ಸಾಕು. ಪರ್ವದ ದಿನಗಳಲ್ಲಿ ಅಂಗಡಿಯಿಂದ ಮೀನು, ಆಮೆ, ಪಕ್ಷಿಗಳನ್ನು ಕೊಂಡು ಕೆರೆಗೋ ಕಾಡಿಗೋ ಬಿಡುವವರು ಇದನ್ನು ಯೋಚಿಸಬೇಕು. ಅಕ್ವೇರಿಯಂ ಅಂಗಡಿಯ ಕೆಂಗಿವಿಯ ಆಮೆ ಅಮೆರಿಕದ್ದು. ಆಫ್ರಿಕದ ಕ್ಯಾಟ್‌ಫಿಶ್ ನಮ್ಮ ಕೆರೆಯ ಮೀನು, ಕಪ್ಪೆಗಳನ್ನು ನುಂಗಿಹಾಕುತ್ತದೆ. ಒಂದು ಜೀವವನ್ನು ಬಿಡಿಸಿದ ಪುಣ್ಯ ಎಂದುಕೊಂಡು ನೂರು ಜೀವಗಳಿಗೆ ಮೃತ್ಯುವನ್ನು ಬಿಟ್ಟಂತಾಗುತ್ತದೆ. ಜೊತೆಗೆ, ಕೊಳ್ಳುವವರು ಇದ್ದಾರೆಂದು ಹಿಡಿಯುವವರೂ ಹೆಚ್ಚುತ್ತಾರೆ.

ಮನೆಯಲ್ಲಿ, ಸಮಾಜದಲ್ಲಿ ಮಾಡಬಹುದಾದದ್ದು

1. ಮಹದೇಶ್ವರ ಬೆಟ್ಟ, ಪಾಲಾರ್, ಹೊಗೇನಕಲ್ ಕಡೆಗೆ ಪ್ರಯಾಣ ಮಾಡುವಾಗ ಕಾಡಿನ ರಸ್ತೆಯಲ್ಲಿ ನಿಧಾನವಾಗಿ ಹೋಗಿ. ಕೋತಿಗಳಿಗೆ ತಿಂಡಿ ಎಸೆಯಬೇಡಿ. ರಸ್ತೆಗೆ ಬರುವ ಅಭ್ಯಾಸವಾದ ಕೋತಿ ಗಾಡಿಗೆ ಸಿಕ್ಕಿ ಸಾಯುತ್ತದೆ.
2. ಬಸದಿಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಊರಿನ ಮರಗಳನ್ನೇ ನೆಡಿ: ಆಲ, ಅರಳಿ, ಅತ್ತಿ, ನೇರಳೆ, ಬೇವು, ಹೊಂಗೆ, ಸಂಪಿಗೆ.
3. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು. ನಿಮ್ಮ ಪಂಚಾಯಿತಿಯಲ್ಲಿ ಅದು ಎಲ್ಲಿದೆ ಎಂದು ಕೇಳಿ. ಊರಿನ ಗಿಡ, ಮೀನು, ಹಕ್ಕಿಗಳ ಹೆಸರು ಬಲ್ಲ ಹಿರಿಯರನ್ನು ಅದಕ್ಕೆ ಜೋಡಿಸಿ.
4. ಬೇಟೆ, ವಿಷಪ್ರಯೋಗ, ಕಾಡಿನ ಬೆಂಕಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.
5. ಪಾಠಶಾಲೆಯ ಮಕ್ಕಳಿಗೆ ತೀರ್ಥಂಕರರ ಲಾಂಛನಗಳನ್ನು ಎರಡು ಕ್ರಮದಲ್ಲೂ ವಿಂಗಡಿಸಲು ಹೇಳಿ. ಅಜಿತನಾಥರ ಆನೆ, ಶ್ರೇಯಾಂಸನಾಥರ ಘೇಂಡಾಮೃಗ, ವಿಮಲನಾಥರ ಹಂದಿ, ಶಾಂತಿನಾಥರ ಜಿಂಕೆ, ಮಹಾವೀರರ ಸಿಂಹ ಇವು ಪಂಚೇಂದ್ರಿಯ, ವಿಜ್ಞಾನದಲ್ಲಿ ಸಸ್ತನಿಗಳು. ಮುನಿಸುವ್ರತರ ಆಮೆ, ಪಾರ್ಶ್ವನಾಥರ ಸರ್ಪ ಪಂಚೇಂದ್ರಿಯ, ಸರೀಸೃಪಗಳು. ನೇಮಿನಾಥರ ಶಂಖ ದ್ವೀಂದ್ರಿಯ, ಮೃದ್ವಂಗಿ. ಪದ್ಮಪ್ರಭರ ಕಮಲ ಏಕೇಂದ್ರಿಯ, ಹೂಬಿಡುವ ಸಸ್ಯ. ಒಂದು ತಾಸಿನಲ್ಲಿ ಮಕ್ಕಳಿಗೆ ಎರಡು ಶಾಸ್ತ್ರಗಳ ಪರಿಚಯವಾಗುತ್ತದೆ.

ಈ ಪಟ್ಟಿಯ ಆನೆ, ಹಂದಿ, ಜಿಂಕೆ, ಆಮೆ, ಸರ್ಪಗಳಂಥ ಜೀವಗಳು ಇಂದಿಗೂ ಪಾಲಾರ್ ಸುತ್ತ ಕಾಡಿನಲ್ಲಿ, ಕಾವೇರಿಯ ನೀರಿನಲ್ಲಿ ಬದುಕಿವೆ. ಬಸದಿಯ ಪೀಠದ ಮೇಲೆ ಅವುಗಳಿಗೆ ದಿನವೂ ಅಭಿಷೇಕದ ನೀರು ತಾಗುತ್ತದೆ. ಕಾಡಿನಲ್ಲಿರುವ ಅವುಗಳ ಬಳಗಕ್ಕೆ ವಿಷವಿಲ್ಲದ ಮೇವು, ಬತ್ತದ ಹೊಳೆ, ಬೆಂಕಿ ಬೀಳದ ನೆಲೆ ಉಳಿಯುವಂತೆ ನೋಡಿಕೊಳ್ಳುವುದೂ ನಮ್ಮ ಪೂಜೆಯ ಭಾಗವೇ ಆಗಲಿ.